ಸಂಜೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತು ಏನನ್ನು ನೋಡಬೇಕು?

ಈ ತಿಂಗಳು ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಜನಜಂಗುಳಿಯ ಹೊತ್ತಿನಲ್ಲಿ ರೈಲು ನಿಲ್ದಾಣಕ್ಕೆ ಹೋಗಿ, ಎಲ್ಲಿಗೂ ಪ್ರಯಾಣ ಮಾಡದೆ, ಗಾಡಿಗಳನ್ನು ನೋಡುತ್ತ ನಿಲ್ಲುವುದೇ ಆ ವಿಷಯ. ಸ್ಟೇಷನ್ ಮಾಸ್ಟರನಾಗಿ ಬಹುಕಾಲ ಕೆಲಸ ಮಾಡಿ ಈಗ ದಾವಣಗೆರೆಯಲ್ಲಿ ನೆಲೆಸಿರುವ ನನಗೆ ಇದಕ್ಕಿಂತ ಪ್ರಿಯವಾದ ಮಾತು ಇನ್ನೊಂದಿಲ್ಲ. ಆದ್ದರಿಂದ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡು, ಈ ಸಲ ಇವುಗಳಿಗೆ ಮಾತ್ರ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಒಂಬತ್ತು ವರ್ಷದ ನಮ್ಮ ಮಗನಿಗೆ ರೈಲೆಂದರೆ ಪ್ರಾಣ. ನಾನು ಕೆಲಸದಿಂದ ಮನೆಗೆ ಬರುವುದನ್ನೇ ಕಾಯ್ದಿದ್ದು, ಸ್ಟೇಷನ್ನಿಗೆ ಕರೆದುಕೊಂಡು ಹೋಗೆಂದು ಹಟ ಹಿಡಿಯುತ್ತಾನೆ. ಆ ಹೊತ್ತಿನಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅವನು ಗಾಡಿ ನೋಡುತ್ತ ನಿಲ್ಲುತ್ತಾನೆ, ನಾನು ಗಡಿಯಾರ ನೋಡುತ್ತ ನಿಲ್ಲುತ್ತೇನೆ. ಇದರಿಂದ ಅವನಿಗೇನಾದರೂ ಪ್ರಯೋಜನವಿದೆಯೇ? ಭಾನುವಾರ ಮಧ್ಯಾಹ್ನ, ಜನ ಕಡಿಮೆ ಇರುವಾಗ ಕರೆದುಕೊಂಡು ಹೋದರೆ ಸಾಲದೇ?
— ಬ್ಯಾಂಕ್ ಉದ್ಯೋಗಿ, ವಿದ್ಯಾನಗರ, ದಾವಣಗೆರೆ

ಉತ್ತರ: ಸಾಲದು ಎಂದೇ ನನ್ನ ಅಭಿಪ್ರಾಯ. ಮಧ್ಯಾಹ್ನದ ನಿಲ್ದಾಣದಲ್ಲಿ ನಿಂತಿರುವ ಎಂಜಿನ್ನನ್ನೋ ಖಾಲಿ ಬೋಗಿಗಳನ್ನೋ ಕಾಣಬಹುದು. ಆದರೆ ನಿಲ್ದಾಣವೆಂಬುದು ಹೇಗೆ ಕೆಲಸ ಮಾಡುತ್ತದೆ ಎಂಬುದು ಕಣ್ಣಿಗೆ ಬೀಳುವುದು ಒಂದರ ಹಿಂದೆ ಒಂದು ಗಾಡಿ ಬರುವ, ಒಂದಕ್ಕೆ ದಾರಿ ಬಿಡಲು ಇನ್ನೊಂದು ಕಾಯಬೇಕಾದ ಹೊತ್ತಿನಲ್ಲಿಯೇ. ನಿಮ್ಮ ಮಗ ಆ ಹೊತ್ತನ್ನು ತಾನಾಗಿಯೇ ಆರಿಸಿಕೊಂಡಿದ್ದಾನೆಂದರೆ ಅವನ ಕಣ್ಣು ಚುರುಕಾಗಿದೆ. ನೀವು ಮಾಡಬೇಕಾದುದು ಗಡಿಯಾರವನ್ನು ಬಿಟ್ಟು ಅವನ ಜೊತೆಗೆ ನೋಡುವುದು, ಮತ್ತು ಏನನ್ನು ನೋಡಬೇಕೆಂದು ಅವನಿಗೆ ತೋರಿಸಿಕೊಡುವುದು.

ಮೊದಲು ಸಿಗ್ನಲ್ಲಿನಿಂದ ಪ್ರಾರಂಭಿಸಿರಿ. ಪ್ಲಾಟ್‌ಫಾರ್ಮಿನ ತುದಿಯ ಆಚೆ ಕಾಣುವ ಕಂಬಕ್ಕೆ ಸ್ಟಾರ್ಟರ್ ಎಂದು ಹೆಸರು. ಕೆಂಪು ಇದ್ದರೆ ಗಾಡಿ ನಿಲ್ಲಬೇಕು. ಒಂದು ಹಳದಿ ಇದ್ದರೆ ಹೊರಡಬಹುದು, ಆದರೆ ಮುಂದಿನ ಸಿಗ್ನಲ್ಲಿನಲ್ಲಿ ನಿಲ್ಲಲು ಸಿದ್ಧವಾಗಿರಬೇಕು. ಹಸಿರು ಇದ್ದರೆ ನಿರಾತಂಕವಾಗಿ ಸಾಗಬಹುದು. ಊರಿನ ಹೊರಗೆ ಎರಡು ಹಳದಿ ದೀಪಗಳನ್ನು ಒಟ್ಟಿಗೆ ತೋರಿಸುವ ಸಿಗ್ನಲ್ಲುಗಳೂ ಇರುತ್ತವೆ. ಮುಂದೆ ವೇಗ ತಗ್ಗಿಸಬೇಕಾಗಬಹುದು, ಎಚ್ಚರದಿಂದಿರು ಎಂಬುದು ಅದರ ಸೂಚನೆ. ಇದಿಷ್ಟನ್ನು ತಿಳಿದುಕೊಂಡ ಹುಡುಗ ಗಾಡಿ ಹೊರಡುವುದಕ್ಕೆ ಮೊದಲೇ “ಈಗ ಹೊರಡುತ್ತದೆ” ಎಂದು ಹೇಳಬಲ್ಲ. ಪ್ರಯಾಣಿಕರೆಲ್ಲರೂ ಬೋಗಿಯ ಬಾಗಿಲನ್ನು ನೋಡುತ್ತಿರುವಾಗ ಅವನೊಬ್ಬ ಸಿಗ್ನಲ್ಲನ್ನು ನೋಡುತ್ತಿರುತ್ತಾನೆ.

ಆನಂತರ ಹಳಿಯನ್ನು ತೋರಿಸಿರಿ. ನಿಲ್ದಾಣವನ್ನು ನೇರವಾಗಿ ಹಾದುಹೋಗುವ ಹಳಿಯನ್ನು ಮೇನ್ ಲೈನ್ ಎಂದೂ, ಅದರಿಂದ ಪಕ್ಕಕ್ಕೆ ಹೊರಳಿ ಮತ್ತೆ ಅದನ್ನೇ ಸೇರುವ ಹಳಿಯನ್ನು ಲೂಪ್ ಲೈನ್ ಎಂದೂ ಕರೆಯುತ್ತಾರೆ. ಹೊರಳುವ ಜಾಗದಲ್ಲಿ ಚೂಪಾದ ಎರಡು ಹಳಿಗಳು ಅತ್ತಿತ್ತ ಸರಿಯುತ್ತವೆ. ಅದೇ ಪಾಯಿಂಟ್. ಸ್ಟೇಷನ್ ಮಾಸ್ಟರ್ ತನ್ನ ಕೋಣೆಯಲ್ಲಿ ಕುಳಿತು ದಾರಿಯನ್ನು ಗೊತ್ತುಮಾಡಿದರೆ ಪಾಯಿಂಟ್ ಸರಿದು, ಅಲ್ಲಿಯೇ ಬಿಗಿಯಾಗಿ ಕೂತು, ಬೀಗ ಬಿದ್ದ ಮೇಲಷ್ಟೇ ಸಿಗ್ನಲ್ ಕೆಂಪಿನಿಂದ ಬದಲಾಗುತ್ತದೆ. ಪಾಯಿಂಟ್ ಅರ್ಧಕ್ಕೆ ನಿಂತರೆ, ಅಥವಾ ಅದೇ ದಾರಿಯನ್ನು ಬೇರೊಂದು ಗಾಡಿಗೆ ಕೊಟ್ಟಾಗಿದ್ದರೆ, ಎಷ್ಟು ಗುಂಡಿ ಒತ್ತಿದರೂ ಸಿಗ್ನಲ್ ಬದಲಾಗುವುದಿಲ್ಲ. ಇದಕ್ಕೆ ಇಂಟರ್‌ಲಾಕಿಂಗ್ ಎಂದು ಹೆಸರು. ಮನುಷ್ಯನ ಮರೆವಿನಿಂದ ಪ್ರಾಣಹಾನಿಯಾಗಬಾರದೆಂದು ಮನುಷ್ಯನೇ ಕಂಡುಕೊಂಡ ಇಂಥ ಉಪಾಯಗಳ ಮೇಲೆ ನನಗಿರುವ ಗೌರವ ಇಷ್ಟು ವರ್ಷಗಳಾದರೂ ಕಡಿಮೆಯಾಗಿಲ್ಲ.

ಲೂಪ್ ಲೈನಿಗೆ ಹೊರಳುವ ಗಾಡಿ ಸಾಮಾನ್ಯವಾಗಿ ಗಂಟೆಗೆ 30 ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಹೋಗುವಂತಿಲ್ಲ. ಆದ್ದರಿಂದಲೇ ತೋಳಹುಣಸೆಯ ಕಡೆಯಿಂದ ಭರದಿಂದ ಬಂದ ಗಾಡಿ ನಮ್ಮ ನಿಲ್ದಾಣವನ್ನು ಹೊಗುವಾಗ ಹೆಜ್ಜೆ ಎಣಿಸಿ ಇಟ್ಟಂತೆ ಬರುವುದುಂಟು. ಯಾವ ಗಾಡಿಗೆ ಯಾವ ಹಳಿಯನ್ನು ಕೊಟ್ಟಿದ್ದಾರೆ, ಏಕೆ ಕೊಟ್ಟಿದ್ದಾರೆ ಎಂದು ಮಗನ ಜೊತೆ ಊಹೆ ಮಾಡಿರಿ. ಗೂಡ್ಸ್ ಗಾಡಿಯೊಂದು ಲೂಪಿನಲ್ಲಿ ಬಹಳ ಹೊತ್ತಿನಿಂದ ನಿಂತಿದ್ದರೆ, ಹಿಂದಿನಿಂದ ಜನಶತಾಬ್ದಿಯೋ ಸಿದ್ಧಗಂಗಾ ಎಕ್ಸ್‌ಪ್ರೆಸ್ಸೋ ಬರುತ್ತಿದೆ ಎಂದು ಅರ್ಥಮಾಡಿಕೊಳ್ಳಬಹುದು. ಹುಡುಗನ ಊಹೆ ನಿಜವಾದ ದಿನ ಅವನ ಮುಖ ನೋಡಿರಿ.

ಮೂರನೆಯದಾಗಿ ಎಂಜಿನ್ನಿನ ಮೇಲಿನ ಅಕ್ಷರಗಳು. ನಮ್ಮ ಮಾರ್ಗದಲ್ಲಿ ಈಗ ಹೆಚ್ಚಾಗಿ ಕಾಣುವ ಡಬ್ಲ್ಯುಎಪಿ-7 ಎಂಬ ಹೆಸರಿನಲ್ಲಿ ಮೊದಲನೆಯ ಅಕ್ಷರ ಬ್ರಾಡ್‌ಗೇಜ್ ಎಂಬ ಅಗಲ ಹಳಿಯನ್ನೂ, ಎರಡನೆಯದು ತಂತಿಯಲ್ಲಿ ಹರಿಯುವ ಎಸಿ ವಿದ್ಯುತ್ತನ್ನೂ, ಮೂರನೆಯದು ಪ್ರಯಾಣಿಕರ ಗಾಡಿಯನ್ನೂ ಸೂಚಿಸುತ್ತದೆ. ಮೂರನೆಯ ಅಕ್ಷರ ‘ಜಿ’ ಆಗಿದ್ದರೆ ಅದು ಗೂಡ್ಸ್ ಎಳೆಯಲು ಮಾಡಿದ ಎಂಜಿನ್. ಎರಡನೆಯದು ‘ಡಿ’ ಆಗಿದ್ದರೆ ಡೀಸೆಲ್. ಈ ಹಳಿ ಕಿರಿದಾದ ಮೀಟರ್‌ಗೇಜ್ ಆಗಿದ್ದ ಕಾಲದಲ್ಲಿ ಮೊದಲಕ್ಷರ ‘ವೈ’ ಇರುತ್ತಿತ್ತು. ವೈಪಿ, ವೈಜಿ ಎಂಬ ಹಬೆ ಎಂಜಿನ್ನುಗಳನ್ನು ಅಜ್ಜ ಅಜ್ಜಿಯರು ನೋಡಿರಬಹುದು, ಕೇಳಿಸಿರಿ. ಎಂಜಿನ್ನಿನ ಪಕ್ಕದಲ್ಲಿ ಅದು ಯಾವ ಊರಿನ ಶೆಡ್ಡಿಗೆ, ಅಂದರೆ ಎಂಜಿನ್ನುಗಳನ್ನು ಇರಿಸಿ ನೋಡಿಕೊಳ್ಳುವ ಜಾಗಕ್ಕೆ, ಸೇರಿದ್ದೆಂದೂ ಬರೆದಿರುತ್ತದೆ. ಕೃಷ್ಣರಾಜಪುರ, ಹುಬ್ಬಳ್ಳಿ, ಈರೋಡು, ಲಾಲ್ಲಾಗುಡ ಎಂಬ ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತ ಹೋದರೆ ಭೂಗೋಳವನ್ನು ಬೇರೆಯಾಗಿ ಕಲಿಸಬೇಕಾಗುವುದಿಲ್ಲ.

ವಂದೇ ಭಾರತ್ ಬಂದಾಗ ಮಾತ್ರ ಅವನು ಎಂಜಿನ್ ಹುಡುಕಿ ಸೋಲುತ್ತಾನೆ. 2023ರ ಜೂನ್ 27ರಂದು ಬೆಂಗಳೂರು ಮತ್ತು ಧಾರವಾಡಗಳ ನಡುವೆ ಪ್ರಾರಂಭವಾಗಿ ದಾವಣಗೆರೆಯಲ್ಲಿ ನಿಲುಗಡೆ ಪಡೆದ ಈ ಗಾಡಿಗೆ ಪ್ರತ್ಯೇಕ ಎಂಜಿನ್ ಇಲ್ಲ. ಎಳೆಯುವ ಮೋಟಾರುಗಳನ್ನು ಬೋಗಿಗಳ ಕೆಳಗೇ ಹಂಚಿ ಕೂರಿಸಿದ್ದಾರೆ. ಅದಕ್ಕೇ ಅದು ನಿಂತಲ್ಲಿಂದ ಅಷ್ಟು ಬೇಗ ವೇಗ ಹಿಡಿಯುತ್ತದೆ. ಅದು ಹೊರಡುವುದನ್ನೂ, ಒಂದೇ ಎಂಜಿನ್ ಎಳೆಯುವ ಇಪ್ಪತ್ತೆರಡು ಬೋಗಿಗಳ ಗಾಡಿ ಹೊರಡುವುದನ್ನೂ ಒಂದೇ ದಿನ ನೋಡಿದರೆ ವ್ಯತ್ಯಾಸವನ್ನು ಯಾರೂ ವಿವರಿಸಬೇಕಾಗಿಲ್ಲ.

ಇನ್ನೊಂದನ್ನು ತಪ್ಪದೆ ತೋರಿಸಿರಿ. ಗಾಡಿ ಹೊರಡುವ ಕ್ಷಣದಲ್ಲಿ ಎಂಜಿನ್ನಿನೊಳಗೆ ಇರುವ ಲೋಕೋ ಪೈಲಟ್ ಮತ್ತು ಸಹಾಯಕ ಪೈಲಟ್ ಇಬ್ಬರೂ ಸಿಗ್ನಲ್ಲಿನ ಬಣ್ಣವನ್ನು ಗಟ್ಟಿಯಾಗಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಕೈಯೆತ್ತಿ ಸಿಗ್ನಲ್ಲಿನ ಕಡೆಗೆ ತೋರಿಸುವುದೂ ಉಂಟು. ಕಣ್ಣು ನೋಡಿದ್ದನ್ನು ಬಾಯಿ ಹೇಳಿದರೆ, ಬಾಯಿ ಹೇಳಿದ್ದನ್ನು ಇನ್ನೊಬ್ಬರ ಕಿವಿ ಕೇಳಿದರೆ ತಪ್ಪು ನುಸುಳುವುದು ಕಷ್ಟ. ಹಿಂದಿನ ತುದಿಯಲ್ಲಿ ಗಾರ್ಡ್ ಹಸಿರು ಬಾವುಟ ತೋರಿಸುತ್ತಾರೆ. 2022ರಿಂದ ಅವರ ಹುದ್ದೆಗೆ ಟ್ರೇನ್ ಮ್ಯಾನೇಜರ್ ಎಂದು ಹೆಸರಾಗಿದೆ, ಆದರೆ ನಮ್ಮ ಬಾಯಲ್ಲಿ ಇನ್ನೂ ಗಾರ್ಡೇ. ಅರ್ಧ ಕಿಲೋಮೀಟರ್ ದೂರದಲ್ಲಿರುವ ಇಬ್ಬರು, ನಡುವೆ ಸಾವಿರಾರು ಜನರ ಗದ್ದಲವಿದ್ದರೂ, ಒಂದು ದೀಪ, ಒಂದು ಬಾವುಟ, ಒಂದು ಕೂಗಿನಿಂದ ಮಾತನಾಡಿಕೊಂಡು ಗಾಡಿ ಹೊರಡಿಸುತ್ತಾರೆ. ಜನಜಂಗುಳಿಯ ಹೊತ್ತಿನಲ್ಲಿಯೇ ಹೋಗಿರಿ ಎಂದು ನಾನು ಒತ್ತಾಯಿಸುವುದು ಈ ಮಾತುಕತೆಗಾಗಿ. ಎಲ್ಲ ಗಲಾಟೆಯ ಒಳಗೆ ನಡೆಯುವ ಅದನ್ನು ಗುರುತಿಸಲು ಕಲಿತ ಮಗುವಿಗೆ ನಿಲ್ದಾಣ ಬರೀ ಗದ್ದಲವಾಗಿ ಕೇಳಿಸುವುದಿಲ್ಲ.

ಪ್ಲಾಟ್‌ಫಾರ್ಮ್ ಟಿಕೆಟ್ಟಿಗೆ ಹತ್ತು ರೂಪಾಯಿ, ಅದು ಎರಡು ಗಂಟೆ ನಡೆಯುತ್ತದೆ. ತಪ್ಪದೆ ಕೊಳ್ಳಿರಿ. ಹಿಂತಿರುಗುವಾಗ ಬೆಣ್ಣೆ ದೋಸೆ ಕೊಡಿಸುವುದು ನಿಮಗೆ ಬಿಟ್ಟದ್ದು.

ಪ್ರಶ್ನೆ: ನಿಲ್ಲದೆ ಹೋಗುವ ಗಾಡಿಗೂ ಸ್ಟೇಷನ್ನಿನವರು ಬಾಗಿಲಿಗೆ ಬಂದು ಹಸಿರು ಬಾವುಟ ಹಿಡಿದು ನಿಲ್ಲುತ್ತಾರಲ್ಲ, ಏಕೆ? ಸಿಗ್ನಲ್ ಕೊಟ್ಟ ಮೇಲೆ ಬಾವುಟವೇಕೆ? ಹಾಗೆಯೇ ಕೊನೆಯ ಬೋಗಿಯ ಹಿಂದೆ ದೊಡ್ಡದಾಗಿ ಬರೆದಿರುವ ಗುಣಾಕಾರ ಚಿಹ್ನೆಯ ಅರ್ಥವೇನು? ಮೊಮ್ಮಗಳು ಕೇಳಿದಳು, ನನಗೆ ಹೇಳಲು ಬರಲಿಲ್ಲ.
— ನಿವೃತ್ತ ಶಿಕ್ಷಕಿ, ಹರಿಹರ

ಉತ್ತರ: ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ಕೇಳಿದ್ದೀರಿ, ಅವು ನಿಜಕ್ಕೂ ಒಟ್ಟಿಗೇ ಇರಬೇಕಾದವು.

ಬಾವುಟ ಹಿಡಿದು ನಿಂತವರು ಗಾಡಿಗೆ ಅಪ್ಪಣೆ ಕೊಡುತ್ತಿಲ್ಲ, ಅದನ್ನು ಪರೀಕ್ಷಿಸುತ್ತಿದ್ದಾರೆ. ಚಕ್ರದ ಅಚ್ಚು ಕಾದು ಹೊಗೆಯಾಡುತ್ತಿದೆಯೇ, ಬ್ರೇಕು ಹಿಡಿದುಕೊಂಡು ಕಿಡಿ ಹಾರುತ್ತಿದೆಯೇ, ಏನಾದರೂ ಕೆಳಗೆ ಜೋತುಬಿದ್ದಿದೆಯೇ, ವ್ಯಾಗನ್ನಿನ ಬಾಗಿಲು ತೆರೆದಿದೆಯೇ, ಚಕ್ರದ ಒಂದು ಮಗ್ಗುಲು ಸವೆದು ‘ದಬ್ ದಬ್’ ಎಂಬ ಸದ್ದು ಬರುತ್ತಿದೆಯೇ ಎಂದು ಕಣ್ಣು ಕಿವಿ ಎರಡರಿಂದಲೂ ನೋಡುತ್ತಾರೆ. ಆ ಕಡೆಯ ಪಕ್ಕದಲ್ಲಿ ಪಾಯಿಂಟ್ಸ್‌ಮನ್ ನಿಂತು ಇನ್ನೊಂದು ಮಗ್ಗುಲನ್ನು ನೋಡುತ್ತಾರೆ. ಎಲ್ಲವೂ ಸರಿಯಿದ್ದರೆ ಹಗಲಿನಲ್ಲಿ ಹಸಿರು ಬಾವುಟ, ರಾತ್ರಿ ಹಸಿರು ದೀಪ. ಎಂಜಿನ್ನಿನಿಂದಲೂ ಗಾರ್ಡಿನ ಡಬ್ಬಿಯಿಂದಲೂ ಅದಕ್ಕೆ ಉತ್ತರ ಬರುತ್ತದೆ. ಕೆಡುಕು ಕಂಡರೆ ಕೆಂಪು. ಗಾಡಿಯೊಳಗೆ ಕುಳಿತವರಿಗೆ ತಮ್ಮ ಗಾಡಿಯ ಚಕ್ರ ಕಾಣುವುದಿಲ್ಲವಾದ್ದರಿಂದ ದಾರಿಯುದ್ದಕ್ಕೂ ಪ್ರತಿ ನಿಲ್ದಾಣದವರೂ ಅವರ ಕಣ್ಣಾಗಿ ನಿಲ್ಲುತ್ತಾರೆ. ಮಳೆಗಾಲದ ನಡುರಾತ್ರಿಯಲ್ಲಿ ಛತ್ರಿ ಹಿಡಿದು ಹೀಗೆ ನಿಂತ ರಾತ್ರಿಗಳ ಲೆಕ್ಕ ನನ್ನ ಬಳಿ ಇಲ್ಲ. ಆದರೆ ಕತ್ತಲೆಯೊಳಗಿಂದ ಗಾರ್ಡಿನ ಹಸಿರು ದೀಪ ಉತ್ತರವಾಗಿ ಅಲುಗಾಡುವಾಗ ಆಗುತ್ತಿದ್ದ ಸಮಾಧಾನ ಇನ್ನೂ ನೆನಪಿದೆ.

ಇನ್ನು ಗುಣಾಕಾರ ಚಿಹ್ನೆ. ಅದು “ನಾನೇ ಕೊನೆಯ ಬೋಗಿ” ಎಂಬ ಘೋಷಣೆ. ಅದರ ಜೊತೆಗೆ ‘ಎಲ್‌ವಿ’ (ಲಾಸ್ಟ್ ವೆಹಿಕಲ್, ಅಂದರೆ ಕೊನೆಯ ವಾಹನ) ಎಂದು ಬರೆದ ಫಲಕ ತೂಗುವುದೂ ಉಂಟು. ರಾತ್ರಿಯಲ್ಲಿ ಮಿನುಗುವ ಕೆಂಪು ದೀಪ ಅದೇ ಕೆಲಸ ಮಾಡುತ್ತದೆ. ಗಾಡಿ ಹಾದುಹೋದ ಮೇಲೆ ಈ ಗುರುತು ಕಾಣಿಸಿದರೆ ಗಾಡಿ ಇಡಿಯಾಗಿ ಬಂದಿದೆ ಎಂದರ್ಥ. ಕಾಣಿಸದಿದ್ದರೆ ಕೊಂಡಿ ಕಳಚಿ ಕೆಲವು ಬೋಗಿಗಳು ದಾರಿಯಲ್ಲಿಯೇ ಉಳಿದಿರಬಹುದು. ಹಾಗಿರುವಾಗ ಹಿಂದಿನ ನಿಲ್ದಾಣಕ್ಕೆ “ಹಳಿ ಖಾಲಿಯಾಗಿದೆ, ಮುಂದಿನ ಗಾಡಿ ಬಿಡಬಹುದು” ಎಂದು ತಿಳಿಸುವಂತಿಲ್ಲ. ಈಗ ಹಲವು ಕಡೆ ಹಳಿಯ ಪಕ್ಕದಲ್ಲಿ ಅಚ್ಚುಗಳನ್ನು ಎಣಿಸುವ ಉಪಕರಣವಿದ್ದು, ಒಂದು ನಿಲ್ದಾಣದಿಂದ ಹೊರಟ ಅಚ್ಚುಗಳೆಲ್ಲ ಇನ್ನೊಂದು ನಿಲ್ದಾಣವನ್ನು ಸೇರಿದವೇ ಎಂದು ಅದೇ ಲೆಕ್ಕ ಹಿಡಿಯುತ್ತದೆ. ಆದರೂ ಬಾವುಟ ಹಿಡಿದು ನಿಂತವರು ಕೊನೆಯ ಬೋಗಿ ಹೋಗುವವರೆಗೂ ಕದಲುವುದಿಲ್ಲ. ಮೊಮ್ಮಗಳಿಗೆ ಎಂಜಿನ್ನನ್ನು ನೋಡಿದಷ್ಟೇ ಗಮನದಿಂದ ಗಾಡಿಯ ಬಾಲವನ್ನೂ ನೋಡಲು ಹೇಳಿರಿ.

ಪ್ರಶ್ನೆ: ಪ್ಲಾಟ್‌ಫಾರ್ಮಿನಲ್ಲಿ ನಿಂತು, ಯಾವ ಉಪಕರಣವೂ ಇಲ್ಲದೆ, ಹಾದುಹೋಗುವ ಗಾಡಿಯ ವೇಗವನ್ನು ಕಂಡುಹಿಡಿಯಬಹುದೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಕೈಗಡಿಯಾರವೊಂದು ಸಾಕು. ಕೆಂಪು ಬಣ್ಣದ, ಎಲ್‌ಎಚ್‌ಬಿ ಎಂದು ಕರೆಯುವ ಹೊಸ ಮಾದರಿಯ ಬೋಗಿಯೊಂದರ ಉದ್ದ, ಕೊಂಡಿಯೂ ಸೇರಿ, ಹೆಚ್ಚುಕಡಿಮೆ 24 ಮೀಟರ್. ಒಂದು ಕಂಬವನ್ನು ಗುರಿಯಾಗಿಟ್ಟುಕೊಂಡು ಹತ್ತು ಬೋಗಿಗಳು ಅದನ್ನು ದಾಟಲು ಎಷ್ಟು ಸೆಕೆಂಡು ಬೇಕಾಯಿತೆಂದು ನೋಡಿ, 864ನ್ನು (ಹತ್ತು ಬೋಗಿಗಳ 240 ಮೀಟರಿನ 3.6 ಪಟ್ಟು) ಆ ಸಂಖ್ಯೆಯಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಸಿಗುತ್ತದೆ. 8 ಸೆಕೆಂಡಾದರೆ 108 ಕಿಲೋಮೀಟರ್. 29 ಸೆಕೆಂಡಾದರೆ 30ಕ್ಕೆ ಹತ್ತಿರ, ಅಂದರೆ ಗಾಡಿ ಲೂಪಿಗೆ ಹೊರಳುವ ವೇಗದಲ್ಲಿದೆ. ಹಳೆಯ ಮಾದರಿಯ ನೀಲಿ ಬೋಗಿಗಳು ಸ್ವಲ್ಪ ಗಿಡ್ಡವಾದ್ದರಿಂದ ಅವಕ್ಕೆ 800 ಎಂದಿಟ್ಟುಕೊಳ್ಳಿರಿ.

ದಾವಣಗೆರೆಯಲ್ಲಿ ನಿಲ್ಲದೆ ಹೋಗುವವು ಹೆಚ್ಚಾಗಿ ಗೂಡ್ಸ್ ಗಾಡಿಗಳು. ಮೇಲ್ಭಾಗ ತೆರೆದಿರುವ ಸಾಮಾನ್ಯ ವ್ಯಾಗನ್ 10.7 ಮೀಟರ್ ಉದ್ದವಿದ್ದು, ಇಪ್ಪತ್ತು ವ್ಯಾಗನ್ನುಗಳಿಗೆ 770 ಎಂಬ ಸಂಖ್ಯೆಯನ್ನು ಬಳಸಬಹುದು. ಅವು 13 ಸೆಕೆಂಡಿನಲ್ಲಿ ದಾಟಿದರೆ ವೇಗ ಗಂಟೆಗೆ 59 ಕಿಲೋಮೀಟರ್. ಈ ಲೆಕ್ಕವನ್ನು ಪ್ಲಾಟ್‌ಫಾರ್ಮಿನ ಹಳದಿ ಪಟ್ಟಿಯ ಹಿಂದೆ, ಕಂಬಕ್ಕೆ ಬೆನ್ನು ಕೊಟ್ಟು ಮಾಡಬೇಕೆಂದು ಪ್ರತ್ಯೇಕವಾಗಿ ಹೇಳುತ್ತೇನೆ. ವೇಗವಾಗಿ ಹೋಗುವ ಗಾಡಿ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಪಟ್ಟಿಯ ಆಚೆ ನಿಂತವರಿಗೆ ಅದರ ಸೆಳೆತ ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ.

ಪ್ರಶ್ನೆ: ಮುಂಬೈಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ದಾದರ್ ನಿಲ್ದಾಣದ ಮೇಲ್ಸೇತುವೆಯ ಮೇಲೆ ಬೆಳಿಗ್ಗೆ ಒಂದು ಗಂಟೆ ನಿಂತು ನೋಡಿದೆ. ಒಂದು ಗಾಡಿಯ ಬಾಲ ಮರೆಯಾಗುವ ಮೊದಲೇ ಇನ್ನೊಂದು ಗಾಡಿಯ ಮುಖ ಕಾಣಿಸುತ್ತಿತ್ತು. ನಮ್ಮಲ್ಲಿ ಜೋಡಿ ಹಳಿಯಾದರೂ ಗಾಡಿಗಳ ನಡುವೆ ಅಷ್ಟು ಅಂತರವೇಕೆ? ಅಲ್ಲಿ ಒಂದಕ್ಕೊಂದು ಡಿಕ್ಕಿಯಾಗುವುದಿಲ್ಲವೇ?
— ಗೃಹಿಣಿ, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ನೀವು ನಿಂತದ್ದು ದೇಶದಲ್ಲಿ ಗಾಡಿ ನೋಡುವವರಿಗೆ ಸಿಗುವ ಅತಿ ಒಳ್ಳೆಯ ಜಾಗಗಳಲ್ಲಿ ಒಂದು. ಪಶ್ಚಿಮ ರೈಲ್ವೆ ಮತ್ತು ಮಧ್ಯ ರೈಲ್ವೆಯ ಮಾರ್ಗಗಳೆರಡೂ ದಾದರಿನಲ್ಲಿ ಅಕ್ಕಪಕ್ಕದಲ್ಲಿ ಹಾದುಹೋಗುತ್ತವೆ. ಪ್ರತಿಯೊಂದರಲ್ಲಿಯೂ ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವ ಸ್ಲೋ ಗಾಡಿಗಳಿಗೆ ಬೇರೆ ಹಳಿ, ಕೆಲವು ಕಡೆ ಮಾತ್ರ ನಿಲ್ಲುವ ಫಾಸ್ಟ್ ಗಾಡಿಗಳಿಗೆ ಬೇರೆ ಹಳಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ಗಾಡಿ ಹೋದದ್ದೂ, 1925ರ ಫೆಬ್ರವರಿ 3ರಂದು ಮೊದಲ ವಿದ್ಯುತ್ ಗಾಡಿ ಓಡಿದ್ದೂ ಆ ನಗರದಲ್ಲಿಯೇ.

ಅಂತರದ ಗುಟ್ಟು ಹಳಿಯಲ್ಲಿಲ್ಲ, ಸಿಗ್ನಲ್ಲಿನ ಪದ್ಧತಿಯಲ್ಲಿದೆ. ನಾನು ಸೇವೆ ಸಲ್ಲಿಸಿದ ನಿಲ್ದಾಣಗಳಲ್ಲಿದ್ದ ಪದ್ಧತಿಯಲ್ಲಿ ಎರಡು ನಿಲ್ದಾಣಗಳ ನಡುವಿನ ಹಳಿಯ ಮೇಲೆ ಒಂದು ದಿಕ್ಕಿಗೆ ಒಂದು ಸಮಯದಲ್ಲಿ ಒಂದೇ ಗಾಡಿ ಇರಬೇಕು. ದಾವಣಗೆರೆಯಿಂದ ಗಾಡಿ ಬಿಡಬೇಕಾದರೆ ಮುಂದಿನ ನಿಲ್ದಾಣದವರನ್ನು ಕೇಳಿ ‘ಲೈನ್ ಕ್ಲಿಯರ್’ ಪಡೆಯಬೇಕು. ಮೊದಲು ಹೊರಟ ಗಾಡಿ ಅಲ್ಲಿಗೆ ಇಡಿಯಾಗಿ ತಲುಪುವವರೆಗೂ ಅವರು ಅದನ್ನು ಕೊಡುವುದಿಲ್ಲ. ಹತ್ತು ಕಿಲೋಮೀಟರ್ ದೂರದ ಎರಡು ನಿಲ್ದಾಣಗಳ ನಡುವೆ ಗೂಡ್ಸ್ ಗಾಡಿಯೊಂದು ಹೋಗುತ್ತಿದ್ದರೆ ಹಿಂದಿನದು ಕಾಯಲೇಬೇಕು. ಮುಂಬೈಯಲ್ಲಿ ಹಾಗಲ್ಲ. ಅಲ್ಲಿ ನಿಲ್ದಾಣಗಳ ನಡುವಿನ ಹಳಿಯನ್ನು ಹಲವು ಚಿಕ್ಕ ತುಂಡುಗಳನ್ನಾಗಿ ಭಾಗಿಸಿ ಪ್ರತಿ ತುಂಡಿಗೂ ಒಂದು ಸಿಗ್ನಲ್ ನಿಲ್ಲಿಸಿದ್ದಾರೆ. ಗಾಡಿಯ ಚಕ್ರವೇ ತನ್ನ ಹಿಂದಿನ ಸಿಗ್ನಲ್ಲನ್ನು ಕೆಂಪು ಮಾಡುತ್ತದೆ, ಅದು ಮುಂದೆ ಸಾಗಿದ ಹಾಗೆ ಹಿಂದಿನವು ಹಳದಿಗೂ ಆಮೇಲೆ ಹಸಿರಿಗೂ ತಾವಾಗಿಯೇ ತಿರುಗುತ್ತವೆ. ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಆದ್ದರಿಂದಲೇ ಮೂರು ನಿಮಿಷಕ್ಕೊಂದು ಗಾಡಿ ಸಾಧ್ಯವಾಗಿದೆ.

ಆದರೆ ಅಲ್ಲಿನ ನಿಲುಗಡೆ ಅರ್ಧ ನಿಮಿಷವೂ ಇರುವುದಿಲ್ಲ ಎಂಬುದನ್ನು ನೀವು ಗಮನಿಸಿರಬೇಕು. ನಮ್ಮಲ್ಲಿ ಟ್ರಂಕು, ಚೀಲ, ಮಕ್ಕಳು, ಅಕ್ಕಿಮೂಟೆ ಎಲ್ಲವೂ ಇಳಿದು ಹತ್ತಬೇಕು. ದೂರದ ಪ್ರಯಾಣದ ಗಾಡಿಗೂ ದಿನನಿತ್ಯ ಕೆಲಸಕ್ಕೆ ಹೋಗುವವರ ಗಾಡಿಗೂ ಇರುವ ಈ ವ್ಯತ್ಯಾಸವನ್ನು ಸಿಗ್ನಲ್ ಎಷ್ಟು ಚೆನ್ನಾಗಿದ್ದರೂ ಅಳಿಸಲಾಗದು. ಮುಂಬೈಯ ಗಾಡಿಗಳ ಬಾಗಿಲಲ್ಲಿ ಜನ ನೇತಾಡುವುದನ್ನು ನೋಡಿ ಮೆಚ್ಚುವವರಿದ್ದಾರೆ. ನನಗೆ ಅದು ಎಂದಿಗೂ ನೋಡಬೇಕಾದ ದೃಶ್ಯವಾಗಿ ಕಂಡಿಲ್ಲ, ಸಂಕಟವಾಗುತ್ತದೆ.

ಪ್ರಶ್ನೆ: ಊರಿನ ನಡುವೆಯೇ ಹಳಿ ಇರುವುದರಿಂದ ಅಶೋಕ ಚಿತ್ರಮಂದಿರದ ಬಳಿಯ ರೈಲ್ವೆ ಗೇಟಿನ ಮುಂದೆ ಕಾಯ್ದು ಕಾಯ್ದು ನಾವು ದೊಡ್ಡವರಾದೆವು. ಗಾಡಿ ಕಣ್ಣಿಗೆ ಕಾಣಿಸದಿದ್ದಾಗಲೂ ಅಷ್ಟು ಮೊದಲೇ ಗೇಟು ಹಾಕುವುದೇಕೆ?
— ವ್ಯಾಪಾರಿ, ದಾವಣಗೆರೆ

ಉತ್ತರ: ವೇಗದಲ್ಲಿರುವ ಗಾಡಿ ನಿಲ್ಲಬೇಕಾದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಬೇಕು. ಅದಕ್ಕಾಗಿಯೇ ನಿಲ್ದಾಣದ ಮೊದಲ ಸಿಗ್ನಲ್ಲಿಗೂ ಒಂದು ಕಿಲೋಮೀಟರ್ ಮುಂಚೆ ಡಿಸ್ಟೆಂಟ್ ಎಂಬ ಎಚ್ಚರಿಕೆಯ ಸಿಗ್ನಲ್ ಇರುತ್ತದೆ. ಸಿಗ್ನಲ್ಲಿನ ಜೊತೆ ಕೂಡಿಸಿದ ಗೇಟಿನಲ್ಲಿ, ಗೇಟು ಮುಚ್ಚಿ ಬೀಗ ಬೀಳುವವರೆಗೆ ಆ ಸಿಗ್ನಲ್ಲುಗಳು ಗಾಡಿಗೆ ದಾರಿ ಕೊಡುವುದೇ ಇಲ್ಲ. ಲೋಕೋ ಪೈಲಟ್ ದೂರದಿಂದಲೇ ಹಸಿರು ಕಾಣಬೇಕೆಂದರೆ ಗೇಟು ಅದಕ್ಕೂ ಮೊದಲೇ ಮುಚ್ಚಿರಬೇಕು. ಗೇಟಿನವರು ತಡಮಾಡಿದರೆ ಗಾಡಿ ಊರ ಹೊರಗೆ ನಿಲ್ಲುತ್ತದೆ, ಅದರ ಹಿಂದಿನದೂ ನಿಲ್ಲುತ್ತದೆ. ಹಳಿಯ ಪಕ್ಕದಲ್ಲಿ ಹಳದಿ ಫಲಕದ ಮೇಲೆ ‘ಡಬ್ಲ್ಯು/ಎಲ್’ ಎಂದು ಬರೆದಿರುವುದನ್ನು ನೋಡಿದ್ದೀರಲ್ಲ, ಅದು ಮುಂದೆ ಗೇಟಿದೆ, ಕೂಗು ಹಾಕು ಎಂಬ ಸೂಚನೆ. ನೀವು ಗೇಟಿನಲ್ಲಿ ನಿಂತಾಗ ಕೇಳಿಸುವ ಆ ಉದ್ದನೆಯ ಕೂಗು ಅಲ್ಲಿಂದ ಪ್ರಾರಂಭವಾಗುತ್ತದೆ. ಮುಚ್ಚಿದ ಗೇಟಿನ ಕೆಳಗೆ ಬೈಕನ್ನು ವಾಲಿಸಿ ತೂರಿಸುವವರನ್ನು ಕಂಡರೆ ದಯವಿಟ್ಟು ತಡೆಯಿರಿ.

ಪ್ರಶ್ನೆ: ಚಿತ್ರದುರ್ಗದಲ್ಲಿ ಗಾಡಿಗಳೇ ಕಡಿಮೆ. ನಮ್ಮ ಜಿಲ್ಲೆಯಲ್ಲಿಯೇ ಗಾಡಿ ನೋಡಲು ಒಳ್ಳೆಯ ಜಾಗ ಯಾವುದು?
— ಪದವಿ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಚಿಕ್ಕಜಾಜೂರು. ಹೊಳಲ್ಕೆರೆ ತಾಲ್ಲೂಕಿನ ಈ ಜಂಕ್ಷನ್ನಿನಲ್ಲಿ ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗದಿಂದ ನಿಮ್ಮ ಊರಿನ ಹಳಿ ಕವಲೊಡೆದು ಚಿತ್ರದುರ್ಗ, ಚಳ್ಳಕೆರೆ, ಮೊಳಕಾಲ್ಮುರು, ರಾಯದುರ್ಗಗಳ ಮೂಲಕ ಬಳ್ಳಾರಿಯನ್ನು ಮುಟ್ಟುತ್ತದೆ. ಊರು ಚಿಕ್ಕದಾದರೂ ಜಂಕ್ಷನ್ನಿನಲ್ಲಿ ಒಂದು ಗಾಡಿಗಾಗಿ ಇನ್ನೊಂದು ಕಾಯುವುದನ್ನು ಹತ್ತಿರದಿಂದ, ನೂಕುನುಗ್ಗಲಿಲ್ಲದೆ ನೋಡಬಹುದು. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗಗಳ ಮೂಲಕ ದಾವಣಗೆರೆಗೆ ಬರುವ ನೇರ ಮಾರ್ಗದ ಕಾಮಗಾರಿ ಮುಗಿದ ದಿನ ನಿಮ್ಮ ಕೋಟೆಯ ಊರೇ ಮುಖ್ಯ ಮಾರ್ಗದ ಮೇಲಿರುತ್ತದೆ. ಆ ದಿನಕ್ಕಾಗಿ ನಾನೂ ಕಾಯುತ್ತಿದ್ದೇನೆ. ಅಲ್ಲಿಯವರೆಗೆ, ಒಂದು ದಿನದ ಬಿಡುವಿದ್ದಾಗ ಹುಬ್ಬಳ್ಳಿಗೂ ಹೋಗಿ ಬನ್ನಿರಿ. ಅಲ್ಲಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ 2023ರಲ್ಲಿ ಉದ್ಘಾಟನೆಯಾದಾಗ ಜಗತ್ತಿನಲ್ಲಿಯೇ ಅತಿ ಉದ್ದನೆಯದು ಎನಿಸಿತು. ಆ ಊರಿನಲ್ಲಿ ರೈಲ್ವೆ ವಸ್ತುಸಂಗ್ರಹಾಲಯವೂ ಇದೆ.

ಪ್ರಶ್ನೆ: ಗಾಡಿಗಳ ಚಿತ್ರ ತೆಗೆಯುವುದು ನನ್ನ ಹವ್ಯಾಸ. ಒಂದು ನಿಲ್ದಾಣದಲ್ಲಿ ಸಿಬ್ಬಂದಿಯೊಬ್ಬರು ನನ್ನನ್ನು ಎಲ್ಲರೆದುರು ಗದರಿ ಕಳುಹಿಸಿದರು. ನಾನು ಮಾಡಿದ ತಪ್ಪೇನು? ನಾನು ನಿಂತದ್ದು ಪ್ಲಾಟ್‌ಫಾರ್ಮಿನ ಇಳಿಜಾರು ಮುಗಿದ ಮೇಲೆ, ಹಳಿಯ ಪಕ್ಕದಲ್ಲಿ.
— ಓದುಗ, ರಾಣೆಬೆನ್ನೂರು

ಉತ್ತರ: ಎಲ್ಲರೆದುರು ಗದರಿದ್ದು ಸರಿಯಲ್ಲ, ಮೆಲ್ಲಗೆ ಹೇಳಬಹುದಿತ್ತು. ಆದರೆ ನೀವು ನಿಂತ ಜಾಗ ತಪ್ಪಾಗಿತ್ತು. ಪ್ಲಾಟ್‌ಫಾರ್ಮಿನ ಇಳಿಜಾರು ಮುಗಿದ ಮೇಲೆ ಅದು ಸಾರ್ವಜನಿಕರ ಜಾಗವಲ್ಲ. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಅಲ್ಲಿ ಅಕ್ರಮವಾಗಿ ಪ್ರವೇಶಿಸುವುದಕ್ಕೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಶಿಕ್ಷೆಯನ್ನು ಪಕ್ಕಕ್ಕಿಟ್ಟು ನೋಡಿದರೂ, ವಿದ್ಯುತ್ ಎಂಜಿನ್ ಬರುವ ಸದ್ದು ಹಳೆಯ ಡೀಸೆಲಿನಷ್ಟು ದೂರದಿಂದ ಕೇಳಿಸುವುದಿಲ್ಲ. ಒಂದು ಗಾಡಿಯ ಸದ್ದಿನಲ್ಲಿ ಇನ್ನೊಂದು ಹಳಿಯ ಗಾಡಿ ಬಂದದ್ದೇ ತಿಳಿಯದೆ ಪ್ರಾಣ ಕಳೆದುಕೊಂಡವರನ್ನು ನಾನು ನನ್ನ ಸೇವೆಯಲ್ಲಿ ಕಂಡಿದ್ದೇನೆ. ಆ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ.

ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇದೆ. ಮುಟ್ಟದಿದ್ದರೂ, ಹತ್ತಿರ ಹೋದರೆ ಸಾಕು, ಅದು ಹಾರಿ ಹಿಡಿಯಬಲ್ಲದು. ಸೆಲ್ಫಿ ಕೋಲನ್ನು ಎತ್ತಿ ಹಿಡಿಯುವುದಾಗಲಿ, ನಿಂತ ವ್ಯಾಗನ್ನಿನ ಮೇಲೆ ಹತ್ತುವುದಾಗಲಿ ಎಂದಿಗೂ ಬೇಡ. ಚಿತ್ರ ತೆಗೆಯುವ ಮೊದಲು ಸ್ಟೇಷನ್ ಮಾಸ್ಟರರ ಕೋಣೆಗೆ ಹೋಗಿ, ಹೆಸರು ಹೇಳಿ, ಯಾತಕ್ಕೆಂದು ತಿಳಿಸಿ ಕೇಳಿರಿ. ಗಾಡಿಯಿಲ್ಲದ ಬಿಡುವಿನಲ್ಲಿ ಕೇಳಿದರೆ ಒಳ್ಳೆಯದು, ಏಕೆಂದರೆ ಗಾಡಿ ಬರುವ ಹೊತ್ತಿನಲ್ಲಿ ಅವರ ಗಮನವನ್ನು ಬೇರೆಡೆಗೆ ಸೆಳೆಯಬಾರದು. ಬೇಡವೆಂದರೆ ಚರ್ಚೆ ಮಾಡದೆ ಕೇವಲ ನೋಡಿರಿ.

ಪ್ರಶ್ನೆ: ನಾನು ಚಿಕ್ಕವಳಿದ್ದಾಗ ಗಾಡಿಯಲ್ಲಿ ಕುಳಿತರೂ, ಹೊರಗೆ ನಿಂತು ನೋಡಿದರೂ ‘ಟಕಟಕ, ಟಕಟಕ’ ಎಂಬ ಸದ್ದು ಕೇಳಿಸುತ್ತಿತ್ತು. ಈಗ ಗಾಡಿ ಬರೀ ಗುಂಯ್ಯೆಂದು ಹೋಗುತ್ತದೆ. ಆ ಸದ್ದು ಎಲ್ಲಿ ಹೋಯಿತು?
— ಎಪ್ಪತ್ತೆರಡರ ಹಿರಿಯ ಓದುಗರು, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಅಮ್ಮಾ, ಆ ಸದ್ದು ಹಳಿಗಳ ನಡುವಿನ ಸಂದಿಯಲ್ಲಿತ್ತು. ಕಬ್ಬಿಣ ಬಿಸಿಲಿಗೆ ಹಿಗ್ಗುತ್ತದೆ. 13 ಮೀಟರ್ ಉದ್ದದ ಒಂದು ಹಳಿ ಮೂವತ್ತು ಡಿಗ್ರಿ ಶಾಖ ಏರಿದರೆ ಸುಮಾರು ನಾಲ್ಕೂವರೆ ಮಿಲಿಮೀಟರ್ ಬೆಳೆಯುತ್ತದೆ. ಹಿಗ್ಗಲು ಜಾಗವಿರಲೆಂದು ಹಿಂದೆ ಎರಡು ಹಳಿಗಳ ನಡುವೆ ಸಂದಿ ಬಿಟ್ಟು, ಪಕ್ಕದಲ್ಲಿ ಪಟ್ಟಿಯಿಟ್ಟು ಬೋಲ್ಟು ಹಾಕುತ್ತಿದ್ದರು. ಪ್ರತಿ ಚಕ್ರವೂ ಆ ಸಂದಿಯನ್ನು ದಾಟುವಾಗ ಒಂದು ಪೆಟ್ಟು ಕೊಡುತ್ತಿತ್ತು. ಬೋಗಿಯ ಚಕ್ರಗಳು ಜೋಡಿಯಾಗಿ ಇರುವುದರಿಂದ ಪೆಟ್ಟುಗಳೂ ಜೋಡಿಯಾಗಿ ಕೇಳಿಸುತ್ತಿದ್ದವು. ಈಗ ಹಳಿಗಳನ್ನು ಒಂದಕ್ಕೊಂದು ಬೆಸೆದು, ಸ್ಲೀಪರ್ ಎಂಬ, ಹಳಿಯ ಕೆಳಗಿನ ಕಾಂಕ್ರೀಟ್ ಅಡ್ಡತೊಲೆಗಳಿಗೆ ಬಿಗಿದು, ಸುತ್ತಲೂ ಜಲ್ಲಿ ತುಂಬಿ, ಹಿಗ್ಗುವ ಬಲವನ್ನು ಅಲ್ಲಿಯೇ ಅದುಮಿ ಹಿಡಿಯುತ್ತಾರೆ. ಸಂದಿಯಿಲ್ಲ, ಆದ್ದರಿಂದ ಸದ್ದೂ ಇಲ್ಲ. ಹಳಿಗೂ ಚಕ್ರಕ್ಕೂ ಸವೆತ ಕಡಿಮೆಯಾಯಿತು, ಪ್ರಯಾಣ ಹಿತವಾಯಿತು. ಆದರೂ ನಿಮ್ಮ ಪತ್ರವನ್ನು ಓದಿ ನನಗೂ ಆ ಸದ್ದು ಬೇಕೆನಿಸಿತು.

ಆ ಕಾಲದಲ್ಲಿ ಗಾಡಿಯೊಳಗೆ ಕುಳಿತು ಅದೇ ಸದ್ದಿನಿಂದ ನಾವು ಗಾಡಿಯ ವೇಗ ಲೆಕ್ಕ ಹಾಕುತ್ತಿದ್ದೆವು. ಬ್ರಾಡ್‌ಗೇಜ್ ಹಳಿ 13 ಮೀಟರ್, ಮೀಟರ್‌ಗೇಜ್ ಹಳಿ 12 ಮೀಟರ್. ಬ್ರಾಡ್‌ಗೇಜಿನಲ್ಲಿ 47 ಸೆಕೆಂಡು, ಮೀಟರ್‌ಗೇಜಿನಲ್ಲಿ 43 ಸೆಕೆಂಡು ಗಡಿಯಾರ ಹಿಡಿದು ಎಷ್ಟು ಜೋಡಿ ‘ಟಕಟಕ’ ಕೇಳಿಸಿತೋ ಅಷ್ಟೇ ಗಂಟೆಗೆ ಕಿಲೋಮೀಟರ್. ನೀವು ಚಿಕ್ಕವರಿದ್ದಾಗ ದಾವಣಗೆರೆಗೆ ಬರುತ್ತಿದ್ದದ್ದು ಮೀಟರ್‌ಗೇಜ್ ಗಾಡಿ. ಇಲ್ಲಿ ಹಳಿ ಅಗಲವಾದದ್ದು 1990ರ ದಶಕದಲ್ಲಿ.

ಸದ್ದು ಪೂರ್ತಿಯಾಗಿ ಹೋಗಿಲ್ಲ. ನಿಲ್ದಾಣದ ಎರಡು ತುದಿಗಳಲ್ಲಿ, ಗಾಡಿ ಪಾಯಿಂಟುಗಳನ್ನು ದಾಟುವಾಗ, ಹಳಿಗಳು ಒಂದನ್ನೊಂದು ಕತ್ತರಿಸುವ ಜಾಗದಲ್ಲಿ ಚಕ್ರಗಳು ಈಗಲೂ ಪೆಟ್ಟು ಕೊಡುತ್ತವೆ. ಮೊಮ್ಮಕ್ಕಳ ಜೊತೆ ಒಂದು ಸಂಜೆ ನಿಲ್ದಾಣಕ್ಕೆ ಬಂದು, ಪ್ಲಾಟ್‌ಫಾರ್ಮಿನಲ್ಲಿ ಹರಿಹರದ ಕಡೆಗಿರುವ ಕೊನೆಯ ಬೆಂಚಿನ ಮೇಲೆ ಕುಳಿತುಕೊಳ್ಳಿರಿ. ಗೂಡ್ಸ್ ಗಾಡಿಯೊಂದು ಲೂಪಿನಿಂದ ನಿಧಾನವಾಗಿ ಹೊರಟು ಮೇನ್ ಲೈನಿಗೆ ಹೊರಳುವಾಗ, ಒಂದೊಂದೇ ವ್ಯಾಗನ್ನು ಆ ಜಾಗವನ್ನು ದಾಟುವ ಅಷ್ಟು ಹೊತ್ತೂ ನಿಮಗೆ ಅದು ಕೇಳಿಸುತ್ತದೆ.